ಕೊಡಗಿನ ಚಳಿಯಲ್ಲಿ ಸೈಕಲ್: ಬೆರಳು ಮರಗಟ್ಟದಂತೆ ಗ್ಲೌಸ್ ಆರಿಸುವುದು ಹೇಗೆ?

ಸುಗ್ಗಿಯ ಹಬ್ಬ ಪುತ್ತರಿ ಕಳೆದು ಕಾಫಿ ಕೊಯ್ಲು ಶುರುವಾದರೆ ಕೊಡಗಿನಲ್ಲಿ ಸೈಕಲ್ ತುಳಿಯುವವರಿಗೆ ಒಳ್ಳೆಯ ಕಾಲ ಬಂತೆಂದೇ ಲೆಕ್ಕ. ಮಳೆ ಹಿಂದೆ ಸರಿದಿರುತ್ತದೆ, ರಸ್ತೆಯ ಪಾಚಿ ಒಣಗಿರುತ್ತದೆ, ಬೆಳಗ್ಗೆ ಆರೂವರೆಗೆ ಹೊರಟರೆ ಪ್ರವಾಸಿಗರ ಕಾರುಗಳ ಕಾಟವೂ ಇಲ್ಲ. ಕಾಟ ಕೊಡುವುದು ಕೈಬೆರಳು ಮಾತ್ರ. ಎರಡು ಕಿಲೋಮೀಟರ್ ತುಳಿಯುವಷ್ಟರಲ್ಲಿ ಕಾಲು ಬಿಸಿಯಾಗಿ ಬೆನ್ನು ಬೆವರಿರುತ್ತದೆ. ಬೆರಳು ಮಾತ್ರ ಗೇರ್ ಬದಲಿಸಲೂ ಬಾರದಷ್ಟು ಸೆಟೆದುಕೊಂಡಿರುತ್ತದೆ.

ಇದಕ್ಕೆ ಹೆಚ್ಚಿನವರು ಹುಡುಕುವ ಪರಿಹಾರ ಒಂದೇ: ಅಂಗಡಿಯಲ್ಲಿ ಸಿಗುವ ಅತಿ ದಪ್ಪದ ಗ್ಲೌಸ್ ತರುವುದು. ಕೊಡಗಿಗೆ ಅದು ಸರಿಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮದು ಲಡಾಖಿನ ಚಳಿಯಲ್ಲ. ಇಲ್ಲಿ ಕೈಯನ್ನು ಕೊರೆಯುವುದು ಇಳಿಜಾರಿನ ಗಾಳಿ ಮತ್ತು ಮಂಜಿನ ತೇವ. ಗಾಳಿಯನ್ನು ತಡೆಯುವ, ಒದ್ದೆಯಾದರೂ ಬಿಸಿ ಬಿಟ್ಟುಕೊಡದ, ಬ್ರೇಕಿನ ಹಿಡಿತ ಕೆಡಿಸದ ತೆಳು ಗ್ಲೌಸ್ ಇದ್ದರೆ ಡಿಸೆಂಬರ್, ಜನವರಿಯ ಯಾವ ಬೆಳಗನ್ನಾದರೂ ದಾಟಬಹುದು.

ಮೊದಲು ನಿಮ್ಮ ದಾರಿಯ ಲೆಕ್ಕ ಹಾಕಿ

ಗ್ಲೌಸ್ ಕೊಳ್ಳುವ ಮುಂಚೆ ಥರ್ಮಾಮೀಟರ್ ನೋಡುವುದಕ್ಕಿಂತ ದಿನಾ ಓಡಾಡುವ ದಾರಿಯನ್ನು ನೆನಪಿಸಿಕೊಳ್ಳುವುದು ಹೆಚ್ಚು ಉಪಯೋಗ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ಬೆಳಗ್ಗೆ 13–14 ಡಿಗ್ರಿ ಸೆಲ್ಸಿಯಸ್ ಇಲ್ಲಿ ಮಾಮೂಲು, ಕೆಲವು ದಿನ 10ರ ಹತ್ತಿರಕ್ಕೂ ಇಳಿಯುತ್ತದೆ. ಅಂಕಿ ನೋಡಿದರೆ ‘ಇಷ್ಟೇನಾ’ ಅನ್ನಿಸಬಹುದು. ಆದರೆ ಸೈಕಲ್ ಮೇಲೆ ಕುಳಿತವನ ಕೈಗೆ ಆ ಅಂಕಿ ಅನ್ವಯಿಸುವುದಿಲ್ಲ. ಹವಾಮಾನ ಇಲಾಖೆಗಳು ಬಳಸುವ ಗಾಳಿ-ಚಳಿಯ ಸೂತ್ರದ ಪ್ರಕಾರ, 10 ಡಿಗ್ರಿಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿ ಬಡಿದರೆ ಬರಿಯ ಚರ್ಮಕ್ಕೆ ಅದು 7 ಡಿಗ್ರಿಯಂತೆ ತಾಗುತ್ತದೆ. ವೇಗ 40 ಆದರೆ 6 ಡಿಗ್ರಿ. ಮಡಿಕೇರಿಯಿಂದ ಕಾಟಕೇರಿ, ಮದೆನಾಡು, ಜೋಡುಪಾಲದ ಕಡೆಗೆ ಇಳಿಯುವಾಗ 40 ಏನು ಮಹಾ ವೇಗವಲ್ಲ. ಪೆಡಲ್ ತುಳಿಯುವ ಅಗತ್ಯವೇ ಇಲ್ಲದ್ದರಿಂದ ಮೈ ಬಿಸಿ ಹುಟ್ಟಿಸುವುದನ್ನೂ ನಿಲ್ಲಿಸಿರುತ್ತದೆ. ಕೈಬೆರಳುಗಳೋ ಬ್ರೇಕಿನ ಮೇಲೆ ಅಲ್ಲಾಡದೆ ಕೂತಿರುತ್ತವೆ. ಚಳಿ ಹಿಡಿಯಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೇ?

ಸಂಪಾಜೆ ತಲುಪುವಾಗ ಹತ್ತಿರ ಹತ್ತಿರ ಸಾವಿರ ಮೀಟರ್ ಇಳಿದಿರುತ್ತೀರಿ. ಎತ್ತರ ಸಾವಿರ ಮೀಟರ್ ತಗ್ಗಿದರೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಏರುತ್ತದೆ. ಹಾಗಾಗಿ ಮೇಲೆ ಬೇಕೇ ಬೇಕಾಗಿದ್ದ ಗ್ಲೌಸ್ ಕೆಳಗೆ ಹೋಗುವಷ್ಟರಲ್ಲಿ ಸೆಖೆ ತರಿಸುತ್ತದೆ. ಈ ದಾರಿಯವರಿಗೆ ಬಿಚ್ಚಿ ಜೇಬಿಗೆ ಹಾಕಿಕೊಳ್ಳುವಂಥ ತೆಳು ಗ್ಲೌಸೇ ಸರಿ.

ನಾಪೋಕ್ಲು, ಭಾಗಮಂಡಲದ ಕಡೆಯವರ ಕಥೆ ಬೇರೆ. ಆಕಾಶ ತಿಳಿಯಾಗಿರುವ ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಗುಡ್ಡದಿಂದ ಜಾರಿ ಬಂದು ಗದ್ದೆ ಬಯಲಿನಲ್ಲಿ ನಿಲ್ಲುತ್ತದೆ. ತೋಟದ ನಡುವಿನ ಏರಿನಲ್ಲಿ ಹಿತವಾಗಿದ್ದ ಹವೆ, ರಸ್ತೆ ಗದ್ದೆಗೆ ಇಳಿದ ಕೂಡಲೇ ಕೊರೆಯತೊಡಗುವುದು ಇದೇ ಕಾರಣಕ್ಕೆ. ಅಂಥ ಬೆಳಗುಗಳಲ್ಲಿ ಎತ್ತರದ ಊರಿಗಿಂತ ತಗ್ಗಿನ ಊರೇ ಹೆಚ್ಚು ತಣ್ಣಗಿರುವುದುಂಟು. ನಿಮ್ಮ ದಾರಿಯಲ್ಲಿ ಎಷ್ಟು ಗದ್ದೆ ಬಯಲು, ಎಷ್ಟು ಉದ್ದದ ಇಳಿಜಾರು ಇದೆ ಎಂದು ನೋಡಿಕೊಳ್ಳಿ. ಐದು ನಿಮಿಷದ ಇಳಿಜಾರಾದರೆ ಸಾಮಾನ್ಯ ಪೂರ್ಣಬೆರಳಿನ ಗ್ಲೌಸ್ ಸಾಕು. ಇಪ್ಪತ್ತು ನಿಮಿಷ ಒಂದೇ ಸಮನೆ ಇಳಿಯುವವರು, ಬೆಳಕು ಹರಿಯುವ ಮುಂಚೆ ಪೇಪರ್, ಹಾಲು ಹಾಕಲು ಹೊರಡುವವರು ಗಾಳಿ ತಡೆಯುವ ಗ್ಲೌಸನ್ನೇ ಕೊಳ್ಳಬೇಕು.

(ಸಿದ್ದಾಪುರ, ತಿತಿಮತಿ ಕಡೆ ಮಂಜು ಕರಗುವ ಮುಂಚೆ ಸೈಕಲ್ ಹತ್ತದಿರುವುದೇ ವಾಸಿ. ಆನೆ ಎದುರಾದರೆ ಎಷ್ಟು ದುಬಾರಿ ಗ್ಲೌಸ್ ಇದ್ದೂ ಪ್ರಯೋಜನವಿಲ್ಲ.)

ಜೋಮು ಚಳಿಯದ್ದೋ, ನರದ್ದೋ?

ಮೈ ತಣ್ಣಗಾದಾಗ ದೇಹ ಮೊದಲು ಹೃದಯ, ಶ್ವಾಸಕೋಶಗಳನ್ನು ಬೆಚ್ಚಗಿಡಲು ನೋಡುತ್ತದೆ. ಬೆರಳಿನ ರಕ್ತನಾಳಗಳನ್ನು ಕಿರಿದು ಮಾಡಿ ಅಲ್ಲಿಗೆ ಹೋಗುವ ರಕ್ತ ಕಡಿಮೆ ಮಾಡುತ್ತದೆ. ಬೆರಳಿನೊಳಗೆ ಬಿಸಿ ಹುಟ್ಟಿಸುವ ಸ್ನಾಯುವೂ ಇಲ್ಲ, ಅಂಗೈ ಮತ್ತು ಮೊಣಕೈ ಕೆಳಗಿನ ಸ್ನಾಯುಗಳೇ ದಾರದಂಥ ಸ್ನಾಯುರಜ್ಜುಗಳ ಮೂಲಕ ಬೆರಳನ್ನು ಎಳೆಯುವುದು. ಹಾಗಾಗಿ ಎದೆಗೆ ಚಳಿಯಾಗುತ್ತಿದ್ದರೆ ಕೈಗೆ ಎಂಥ ಗ್ಲೌಸ್ ಹಾಕಿದರೂ ಅಷ್ಟಕ್ಕಷ್ಟೇ. ಎದೆಗೊಂದು ಗಾಳಿ ತಡೆಯುವ ಜಾಕೆಟ್, ಕಿವಿಗೊಂದು ಮಫ್ಲರ್ ಹಾಕಿಕೊಂಡು ನೋಡಿ, ಅರ್ಧ ಸಮಸ್ಯೆ ಅಲ್ಲೇ ಕಳೆಯುತ್ತದೆ.

ಜೋಮು ಕಿರುಬೆರಳು ಮತ್ತು ಉಂಗುರಬೆರಳಿಗೆ ಮಾತ್ರ ಬರುತ್ತಿದ್ದರೆ, ಮಧ್ಯಾಹ್ನದ ಬಿಸಿಲಲ್ಲೂ ಬರುತ್ತಿದ್ದರೆ, ಅದು ಚಳಿಯ ಕೆಲಸವಲ್ಲ. ಅಂಗೈಯ ಹೊರಬದಿಯಲ್ಲಿ ಹಾದುಹೋಗುವ ಅಲ್ನಾರ್ ನರ ಹ್ಯಾಂಡಲ್‌ಗೆ ಒತ್ತಿಕೊಂಡಾಗ ಹೀಗಾಗುತ್ತದೆ. ಇದಕ್ಕೆ ಬೇಕಾದದ್ದು ಅಂಗೈಯಲ್ಲಿ ಮೆತ್ತೆ ಇರುವ ಗ್ಲೌಸ್, ಜೊತೆಗೆ ಸೀಟು–ಹ್ಯಾಂಡಲ್‌ನ ಎತ್ತರ ಸರಿಪಡಿಸುವುದು. ಆಗಾಗ ಕೈ ಇಡುವ ಜಾಗ ಬದಲಿಸುತ್ತಿದ್ದರೂ ಕಡಿಮೆಯಾಗುತ್ತದೆ. ಇನ್ನು ಕೆಲವರಿಗೆ ಅಷ್ಟೇನೂ ಚಳಿ ಇಲ್ಲದಾಗಲೂ ಬೆರಳು ಸುಣ್ಣ ಬಳಿದಂತೆ ಬಿಳಿಚಿ, ನೀಲಿಯಾಗಿ, ಆಮೇಲೆ ಕೆಂಪಾಗಿ ಉರಿಯುತ್ತದೆ. ರೇನೋ ಎಂಬ ತೊಂದರೆಯ ಲಕ್ಷಣವದು. ಅಂಥವರು ಅಂಗಡಿಗಿಂತ ಮೊದಲು ವೈದ್ಯರ ಹತ್ತಿರ ಹೋಗಬೇಕು. ಸಕ್ಕರೆ ಕಾಯಿಲೆಯಿಂದ ಬೆರಳಿನ ಸ್ಪರ್ಶಜ್ಞಾನ ಕಡಿಮೆಯಾದವರೂ ಅಷ್ಟೇ.

ಬಟ್ಟೆ ಯಾವುದು?

ಆಯ್ಕೆಯಲ್ಲಿ ಮುಖ್ಯವಾದ ಭಾಗ ಇದು, ಸ್ವಲ್ಪ ನಿಂತು ನೋಡೋಣ.

ಹತ್ತಿಯ ಗ್ಲೌಸನ್ನು ಲೆಕ್ಕದಿಂದಲೇ ತೆಗೆದುಬಿಡಿ. ಬೆವರನ್ನೂ ಮಂಜನ್ನೂ ಹೀರಿಕೊಂಡು ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ, ಒದ್ದೆ ಹತ್ತಿ ಹಾಕಿಕೊಳ್ಳುವುದಕ್ಕಿಂತ ಬರಿಗೈಯೇ ಮೇಲು ಅನ್ನಿಸುವ ಹೊತ್ತೂ ಬರುತ್ತದೆ.

ಉಣ್ಣೆ ಹಳೆಯದಾದರೂ ಇಂದಿಗೂ ಸೋಲದ ವಸ್ತು. ಒದ್ದೆಯಾದರೂ ಎಳೆಗಳ ನಡುವೆ ಗಾಳಿ ಉಳಿಸಿಕೊಂಡು ಅಷ್ಟಿಷ್ಟು ಬಿಸಿ ಕಾಯುತ್ತದೆ. ಹೆಣಿಗೆಯ ಸಂದುಗಳಲ್ಲಿ ಗಾಳಿ ನುಗ್ಗುವುದು ಇದರ ಕೊರತೆ, ನಯವಾದ ರಬ್ಬರ್ ಹಿಡಿಕೆಯ ಮೇಲೆ ಜಾರುತ್ತದೆ ಕೂಡ. ಒಳಪದರವಾಗಿ ಉಣ್ಣೆಗೆ ಸಾಟಿಯಿಲ್ಲ, ಹೊರಪದರವಾಗಿ ಸಾಲದು.

ಫ್ಲೀಸ್ ಎಂದು ಸಿಗುವ ಮೆತ್ತನೆಯ ಪಾಲಿಯೆಸ್ಟರ್ ಅಗ್ಗ, ಹಗುರ, ಬೇಗ ಒಣಗುತ್ತದೆ. ಆದರೆ ಅದನ್ನೊಂದೇ ಹಾಕಿಕೊಂಡು ಮಂಜಿನಲ್ಲಿ ಹೊರಟರೆ ಹದಿನೈದು ನಿಮಿಷಕ್ಕೆ ಬೆರಳ ಹಿಂಬದಿಯ ಒಂದೊಂದು ರೋಮದ ತುದಿಯಲ್ಲೂ ಸಾಸಿವೆಗಿಂತ ಚಿಕ್ಕ ಹನಿಗಳು ಕೂತಿರುತ್ತವೆ. ಅವು ಒಂದಕ್ಕೊಂದು ಕೂಡಿ ಬಟ್ಟೆಯೊಳಗೆ ಇಳಿಯುತ್ತವೆ. ಮೊದಲು ಗೊತ್ತಾಗುವುದು ಗಾಳಿಗೆ ಎದುರಾಗಿರುವ ಗೆಣ್ಣುಗಳಿಗೆ. ಸಿಲ್ವರ್ ಓಕ್ ಮರಗಳ ಸಾಲಿನ ಕೆಳಗೆ ಹೋಗುವಾಗ ಮೇಲಿಂದ ತೊಟ್ಟಿಕ್ಕುವುದು ಬೇರೆ, ಮಳೆಯಿಲ್ಲದ ದಿನವೂ ಅಲ್ಲಿ ರಸ್ತೆ ಒದ್ದೆ.

ಆದ್ದರಿಂದ ಹೊರಮೈ ವಿಂಡ್‌ಪ್ರೂಫ್ ಆಗಿರಬೇಕು, ಒಳಮೈ ತೆಳು ಫ್ಲೀಸ್ ಆಗಿರಬೇಕು. ‘ಸಾಫ್ಟ್‌ಶೆಲ್’ ಎಂಬ ಹೆಸರಿನಲ್ಲಿ ಸಿಗುವ ಗ್ಲೌಸ್‌ಗಳು ಹೆಚ್ಚಾಗಿ ಇದೇ ಜಾತಿಯವು, ಮಧ್ಯೆ ಗಾಳಿ ತಡೆಯುವ ಒಂದು ಪೊರೆ ಇರುತ್ತದೆ. ಚೀಟಿಯ ಮೇಲೆ ಬರೆದದ್ದನ್ನೇ ನಂಬಬೇಕಿಲ್ಲ. ಗ್ಲೌಸಿನ ಹಿಂಬದಿಯನ್ನು ತುಟಿಗೆ ಒತ್ತಿ ಜೋರಾಗಿ ಊದಿ, ಇನ್ನೊಂದು ಬದಿಗೆ ಅಂಗೈ ಹಿಡಿಯಿರಿ. ಉಸಿರು ಸಲೀಸಾಗಿ ದಾಟಿದರೆ ಮದೆನಾಡಿನ ಇಳಿಜಾರಿನಲ್ಲಿ ಗಾಳಿಯೂ ದಾಟುತ್ತದೆ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಅಂಗೈ ಭಾಗ ಉಸಿರಾಡುವ ಬಟ್ಟೆಯದ್ದಾಗಿದ್ದರೆ ತೊಂದರೆಯಿಲ್ಲ, ಅಲ್ಲಿ ಬೆವರು ಹೊರಹೋಗಲು ದಾರಿ ಬೇಕು, ಗಾಳಿಗೆ ಎದುರಾಗುವುದು ಹಿಂಬದಿ ತಾನೇ.

ಪೂರಾ ವಾಟರ್‌ಪ್ರೂಫ್ ಗ್ಲೌಸ್ ಬೇಕೇ? ಚಳಿಗಾಲಕ್ಕಷ್ಟೇ ಆದರೆ ಬೇಡ ಎನ್ನುತ್ತೇನೆ. ನೀರು ಒಳಬಿಡದ ಪೊರೆ ಬೆವರನ್ನೂ ಸುಲಭವಾಗಿ ಹೊರಬಿಡುವುದಿಲ್ಲ. ಭಾಗಮಂಡಲದಿಂದ ತಲಕಾವೇರಿಯ ಎಂಟು ಕಿಲೋಮೀಟರ್ ಏರು ಮುಗಿಸುವಾಗ ಕೈ ಒಳಗಿನಿಂದಲೇ ಒದ್ದೆ, ಇಳಿಯುವಾಗ ಆ ಒದ್ದೆಯೇ ಕೊರೆಯುತ್ತದೆ. ಜೊತೆಗೆ ಅಂಥ ಎಷ್ಟೋ ಗ್ಲೌಸ್‌ಗಳಲ್ಲಿ ಒಳಪದರ ಬೆರಳ ತುದಿಗೆ ಗಟ್ಟಿಯಾಗಿ ಅಂಟಿರುವುದಿಲ್ಲ. ತೇವದ ಕೈ ಎಳೆದರೆ ಒಳಪದರವೂ ಕಿತ್ತು ಬರುತ್ತದೆ, ಮತ್ತೆ ಹಾಕಿಕೊಳ್ಳಲು ಬೆರಳಿಗೆ ದಾರಿಯೇ ಸಿಗುವುದಿಲ್ಲ. ಮಳೆಗಾಲದಲ್ಲೂ ತುಳಿಯುವವರಾದರೆ ನಿಯೋಪ್ರೀನ್ ನೋಡಬಹುದು. ಈಜುವವರ ಉಡುಪಿನ ಆ ರಬ್ಬರಿನಂಥ ಬಟ್ಟೆ ಒದ್ದೆಯಾದಮೇಲೂ ಬೆಚ್ಚಗಿಡುತ್ತದೆ. ಬಿಸಿಲಿನ ದಿನ ಮಾತ್ರ ಕೈ ಬೇಯುತ್ತದೆ, ವಾಸನೆಯೂ ಬರುತ್ತದೆ.

ಚರ್ಮದ ಗ್ಲೌಸ್ ನೋಡಲು ಚೆಂದ. ನೆನೆದರೆ ಭಾರ, ಒಣಗಿದರೆ ಬಿರುಸು.

ಮನೆಯಲ್ಲಿರುವ ಬೈಕಿನ ಗ್ಲೌಸ್ ಆಗದೇ ಎಂದು ಕೇಳುವವರುಂಟು. ಸಣ್ಣ ದೂರಕ್ಕೆ ಆಗುತ್ತದೆ. ಅದರ ಗೆಣ್ಣಿನ ಗಟ್ಟಿ ಕವಚ, ದಪ್ಪ ಅಂಗೈ ಸೈಕಲ್ಲಿನ ಸಣ್ಣ ಗೇರ್ ಗುಂಡಿಗೆ ಹೆಬ್ಬೆರಳು ತಲುಪಲು ಬಿಡುವುದಿಲ್ಲ, ಏರಿನಲ್ಲಿ ಬೆವರು ಸುರಿಸುತ್ತದೆ. ಎರಡೆರಡು ಬೆರಳು ಒಟ್ಟಿಗೆ ಸೇರಿಸಿ ಹೊಲಿದ ಏಡಿಕೊಂಬಿನಾಕಾರದ ಗ್ಲೌಸ್‌ಗಳು ಹಿಮ ಬೀಳುವ ನಾಡಿಗೆ, ಅವನ್ನು ಆನ್‌ಲೈನ್‌ನಲ್ಲಿ ನೋಡಿ ಮರುಳಾಗಬೇಡಿ.

ಅಳತೆ

ಬಿಗಿಯಾದ ಗ್ಲೌಸ್ ಬೆಚ್ಚಗಿರುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ. ಬಿಸಿ ಉಳಿಸುವುದು ಬಟ್ಟೆಯ ನಡುವೆ ನಿಂತ ಗಾಳಿ. ಬಿಗಿಯಾದರೆ ಆ ಗಾಳಿಗೆ ಜಾಗವಿಲ್ಲ, ರಕ್ತ ಓಡಾಟವೂ ಕಷ್ಟ.

ಟೈಲರ್ ಟೇಪ್ ತೆಗೆದುಕೊಂಡು, ಹೆಚ್ಚು ಬಳಸುವ ಕೈಯ ಗೆಣ್ಣುಗಳ ಸುತ್ತ, ಹೆಬ್ಬೆರಳು ಬಿಟ್ಟು ಅಳೆಯಿರಿ. ಸುಮಾರು 18 ಸೆಂಟಿಮೀಟರ್ ಬಂದರೆ 7ನೇ ನಂಬರು, 20 ಬಂದರೆ 8, 23 ಬಂದರೆ 9. ಎಸ್, ಎಂ, ಎಲ್ ಎಂದು ಬರೆದವು ಒಂದೊಂದು ಕಂಪನಿಯದ್ದು ಒಂದೊಂದು ಥರ. ಎರಡು ಅಳತೆಗಳ ನಡುವೆ ಸಿಕ್ಕಿಕೊಂಡರೆ ಚಳಿಗಾಲದ ಗ್ಲೌಸಿಗೆ ದೊಡ್ಡದನ್ನೇ ಆರಿಸಿ. ಒಳಗೆ ಉಣ್ಣೆಯ ತೆಳು ಗ್ಲೌಸ್ ಹಾಕುವ ಯೋಚನೆಯಿದ್ದರೆ ಅದನ್ನೂ ಅಂಗಡಿಗೆ ಒಯ್ದು, ಹಾಕಿಕೊಂಡೇ ನೋಡಿ.

ಹಾಕಿಕೊಂಡ ಮೇಲೆ ಕೈ ಚಾಚಿ ನೋಡಿ ಒಪ್ಪಿಬಿಡಬೇಡಿ. ಸೈಕಲ್ ಮೇಲೆ ಕೈ ಯಾವಾಗಲೂ ಮಡಚಿರುತ್ತದೆ. ಅಂಗಡಿಯಲ್ಲಿ ಸೈಕಲ್ ಇದ್ದರೆ ಹ್ಯಾಂಡಲ್ ಹಿಡಿಯಿರಿ, ಇಲ್ಲದಿದ್ದರೆ ಮಡಚಿದ ಕೊಡೆಯ ಹಿಡಿಕೆಯಾದರೂ ಸಾಕು. ಮುಷ್ಟಿ ಕಟ್ಟಿದಾಗ ಬೆರಳ ತುದಿ ಬಟ್ಟೆಗೆ ಒತ್ತಬಾರದು, ಬೆರಳ ಸಂದುಗಳಲ್ಲಿ ಎಳೆತ ಇರಬಾರದು, ಅಂಗೈಯಲ್ಲಿ ಬಟ್ಟೆ ಮುದುಡಿ ಗೆರೆ ಏಳಬಾರದು. ಆ ಗೆರೆ ಒಂದು ಗಂಟೆ ಒತ್ತಿದರೆ ಬೊಬ್ಬೆ ಖಂಡಿತ.

ಬ್ರೇಕ್ ಪರೀಕ್ಷೆ

ನಮ್ಮ ಘಾಟಿಯಲ್ಲಿ ಇದರಲ್ಲಿ ರಾಜಿಯಿಲ್ಲ. ಗ್ಲೌಸ್ ಹಾಕಿದ ಕೈಯಲ್ಲಿ ತೋರುಬೆರಳು, ಮಧ್ಯಬೆರಳು ಎರಡನ್ನೇ ಬಳಸಿ ಬ್ರೇಕ್ ಲಿವರನ್ನು ನಿಧಾನವಾಗಿ ಒತ್ತಿ, ನಿಧಾನವಾಗಿ ಬಿಡಿ. ಬ್ರೇಕ್ ಹಿಡಿಯಲು ಶುರುವಾಗುವ ಆ ಸಣ್ಣ ಕ್ಷಣ ಬೆರಳಿಗೆ ತಿಳಿಯಬೇಕು. ತಿಳಿಯದಿದ್ದರೆ ಗ್ಲೌಸ್ ದಪ್ಪವಾಯಿತು ಎಂದರ್ಥ. ಗೇರ್ ಬದಲಿಸಿ, ಬೆಲ್ ಹೊಡೆದು ನೋಡಿ. ಲಿವರ್ ದೂರ ಅನ್ನಿಸಿದರೆ ಎಷ್ಟೋ ಸೈಕಲ್‌ಗಳಲ್ಲಿ ಅದನ್ನು ಹತ್ತಿರ ತರುವ ಸಣ್ಣ ಸ್ಕ್ರೂ ಇರುತ್ತದೆ, ಆಲನ್ ಕೀಯಿಂದ ಎರಡು ಸುತ್ತು ತಿರುಗಿಸಿದರೆ ಆಯಿತು. ಮಕ್ಕಳ ಸೈಕಲ್‌ಗೆ ಇದನ್ನು ಮಾಡಲೇಬೇಕು. ಮಕ್ಕಳಿಗೆ ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡ ಗ್ಲೌಸ್ ಕೊಡಿಸುವುದು ಅಪಾಯ, ಖಾಲಿ ತುದಿ ಲಿವರ್ ಮತ್ತು ಹಿಡಿಕೆಯ ನಡುವೆ ಸಿಕ್ಕಿಕೊಳ್ಳುತ್ತದೆ.

ಅಂಗೈಯಲ್ಲಿ ರಬ್ಬರಿನ ಚುಕ್ಕೆ ಅಥವಾ ಗೆರೆಗಳಿದ್ದರೆ ಹಿಡಿತ ಒಳ್ಳೆಯದು. ಬೆರಳಿನ ಒಳಮೈಯಲ್ಲೂ ಇರಬೇಕು. ಇಬ್ಬನಿಯಲ್ಲಿ ನೆನೆದ ಅಲ್ಯೂಮಿನಿಯಂ ಲಿವರ್ ಬಹಳ ಜಾರುತ್ತದೆ.

ಇನ್ನು ಚಿಲ್ಲರೆ ವಿಷಯಗಳು. ಮಣಿಕಟ್ಟು ಮುಚ್ಚುವ ಉದ್ದನೆಯ ಪಟ್ಟಿ ಬೇಕು, ಜಾಕೆಟಿನ ತೋಳಿಗೂ ಗ್ಲೌಸಿಗೂ ನಡುವೆ ಎರಡು ಬೆರಳಗಲ ಚರ್ಮ ಕಂಡರೂ ಗಾಳಿ ಅಲ್ಲಿಂದ ತೋಳಿನೊಳಗೆ ಹೋಗುತ್ತದೆ. ಹೆಬ್ಬೆರಳಿನ ಹಿಂಬದಿ ಟವೆಲ್ ಬಟ್ಟೆಯದ್ದಿದ್ದರೆ ಬಹಳ ಉಪಕಾರ, ಅದು ಬೆವರಿಗೆ ಎನ್ನುತ್ತಾರೆ, ಚಳಿಯಲ್ಲಿ ಸುರಿಯುವ ಮೂಗಿಗೆ ಎಂಬುದು ಸವಾರರಿಗೆಲ್ಲ ಗೊತ್ತು. ಕೈಯ ಹಿಂಬದಿ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇರಲಿ. ಮಂಜಿನಲ್ಲಿ ಬಲಕ್ಕೆ ತಿರುಗಲು ಕೈ ತೋರಿಸಿದಾಗ ಹಿಂದಿನ ಜೀಪಿನವನಿಗೆ ಕಾಣುವುದು ಅದೊಂದೇ. ಕಪ್ಪು ಗ್ಲೌಸ್‌ಗಿಂತ ಹಳದಿಯೋ ಕಿತ್ತಳೆಯೋ ವಾಸಿ. ಮೊಬೈಲ್ ಪರದೆ ಮುಟ್ಟುವ ಬೆರಳ ತುದಿಗೆ ಹೆಚ್ಚು ದುಡ್ಡು ಕೊಡಬೇಡಿ, ಒದ್ದೆಯಾದರೆ ಸರಿಯಾಗಿ ಕೆಲಸ ಮಾಡುವುದಿಲ್ಲ.

ಎಲ್ಲಿ ಕೊಳ್ಳುವುದು, ಕಡಿಮೆ ಖರ್ಚಿನಲ್ಲಿ ಏನು ಮಾಡುವುದು

ಸೈಕಲ್ಲಿಗೆಂದೇ ಮಾಡಿದ ಗ್ಲೌಸ್ ಬೇಕಾದರೆ ಮೈಸೂರು ಅಥವಾ ಮಂಗಳೂರಿನ ಕ್ರೀಡಾ ಸಾಮಗ್ರಿಯ ದೊಡ್ಡ ಅಂಗಡಿಗಳಿಗೆ ಹೋಗಿ ಹಾಕಿ ನೋಡಿ ತರುವುದೇ ಒಳ್ಳೆಯದು. ಆನ್‌ಲೈನ್ ಆದರೆ ಬದಲಿಸಿಕೊಡುವ ಷರತ್ತು ಓದಿ, ನಮ್ಮ ಎಷ್ಟೋ ಊರುಗಳಿಂದ ವಾಪಸ್ ಕಳಿಸುವುದೇ ಒಂದು ಕೆಲಸವಾಗುತ್ತದೆ. ಉಣ್ಣೆಯ ಒಳಗ್ಲೌಸ್ ಮಡಿಕೇರಿಯ ಶುಕ್ರವಾರದ ಸಂತೆಯ ದಿನವೋ, ಕುಶಾಲನಗರ ದಾಟಿ ಬೈಲಕುಪ್ಪೆಯ ಟಿಬೆಟನ್ನರ ಅಂಗಡಿಗಳಲ್ಲೋ ಹುಡುಕಬಹುದು. ಕೈಗೆ ಚುಚ್ಚದಷ್ಟು ನಯವೇ ಎಂದು ಮಣಿಕಟ್ಟಿನ ಒಳಮೈಗೆ ಉಜ್ಜಿ ನೋಡಿ.

ದುಬಾರಿ ಗ್ಲೌಸ್ ಬೇಡವೆನ್ನುವವರಿಗೆ ಒಂದು ಜೋಡಣೆ ಇದೆ: ಒಳಗೆ ತೆಳು ಉಣ್ಣೆ, ಮೇಲೆ ಒಂದು ಅಳತೆ ದೊಡ್ಡದಾದ, ಅಂಗೈ ಮಾತ್ರ ರಬ್ಬರಿನಲ್ಲಿ ಅದ್ದಿದ ತೋಟದ ಕೆಲಸದ ಗ್ಲೌಸ್. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಹಿಡಿತ ಅದ್ಭುತ. ಹಿಂಬದಿಯಿಂದ ಗಾಳಿ ನುಗ್ಗುವುದನ್ನು ತಡೆಯಲು ನಡುವೆ ತೆಳು ನೈಟ್ರೈಲ್ ಗ್ಲೌಸ್, ಅಂದರೆ ಆಸ್ಪತ್ರೆಯಲ್ಲಿ ಹಾಕುವಂಥದ್ದು, ಸೇರಿಸಿಕೊಳ್ಳಿ. ಅದರೊಳಗೆ ಬೆವರುವುದು ನಿಜ, ಅರ್ಧ ಗಂಟೆಯ ಇಳಿಜಾರಿಗೆ ಮಾತ್ರ ಇಟ್ಟುಕೊಳ್ಳಿ. ನೇರ ಹ್ಯಾಂಡಲ್ ಇರುವ ಸೈಕಲ್ ಆದರೆ ಸ್ಕೂಟರ್‌ಗೆ ಹಾಕುವ ಹ್ಯಾಂಡಲ್ ಕವರ್ ಕೂಡ ಹೊಂದಿಸಬಹುದು. ಕೈ ಥಟ್ಟನೆ ಒಳಗೆ–ಹೊರಗೆ ಹೋಗುವಷ್ಟು ಬಾಯಿ ಅಗಲವಿರಬೇಕು.

ಯಾವುದನ್ನೇ ಕೊಂಡರೂ, ಒಂದು ದುಬಾರಿ ಜೋಡಿಗಿಂತ ಎರಡು ಸಾಧಾರಣ ಜೋಡಿ ಮೇಲು. ಒಂದು ಕೈಯಲ್ಲಿ, ಇನ್ನೊಂದು ಜಾಕೆಟಿನೊಳಗೆ ಎದೆಗೆ ಒತ್ತಿಕೊಂಡು.

ಹಾಕಿಕೊಳ್ಳುವುದಕ್ಕೂ ಕ್ರಮ ಇದೆ

ಗ್ಲೌಸ್ ಬಿಸಿ ಹುಟ್ಟಿಸುವುದಿಲ್ಲ, ಇದ್ದ ಬಿಸಿಯನ್ನು ಉಳಿಸುತ್ತದೆ ಅಷ್ಟೇ. ತಣ್ಣಗಾದ ಕೈಗೆ ಹಾಕಿದರೆ ತಣ್ಣಗೇ ಇರುತ್ತದೆ. ಹೊರಡುವ ಮುಂಚೆ ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದು ಕುಡಿಯಿರಿ, ಒಳಗೇ ಗ್ಲೌಸ್ ಹಾಕಿಕೊಂಡು ಆಮೇಲೆ ಬಾಗಿಲು ತೆರೆಯಿರಿ. ರಾತ್ರಿಯೆಲ್ಲ ಸೈಕಲ್ಲಿನ ಮೇಲೇ ಬಿಟ್ಟ ಗ್ಲೌಸ್ ಇಬ್ಬನಿ ಕುಡಿದಿರುತ್ತದೆ.

ಏರಿನಲ್ಲಿ ಕೈ ಬೆವರುವ ಮುಂಚೆಯೇ ಪಟ್ಟಿ ಸಡಿಲಿಸಿ, ಇಲ್ಲವೇ ನಿಲ್ಲಿಸಿ ಬಿಚ್ಚಿ. ಏರು ಮುಗಿದು ಇಳಿಯಲು ಶುರುಮಾಡುವ ಮುಂಚೆ ಒಣ ಜೋಡಿ ಹಾಕಿಕೊಳ್ಳಿ. ಅರ್ಧ ಇಳಿದ ಮೇಲೆ ನೆನಪಾದರೆ ತಡವಾಯಿತು. ಮಂಜು ಹನಿಯುತ್ತಿದ್ದರೆ ಜಾಕೆಟಿನ ತೋಳು ಗ್ಲೌಸಿನ ಮೇಲೆ ಬರಲಿ, ತೋಳಿನ ಮೇಲೆ ಹರಿದ ನೀರು ಕೈಯೊಳಗೆ ಇಳಿಯದು.

ಹೀಗಿದ್ದೂ ಬೆರಳು ಮರಗಟ್ಟಿದರೆ ಸೈಕಲ್ ನಿಲ್ಲಿಸಿ, ನಿಂತ ಜಾಗದಲ್ಲೇ ತೋಳನ್ನು ಪೂರ್ತಿ ಸುತ್ತು ಬೀಸಿ, ಹತ್ತಿಪ್ಪತ್ತು ಸಲ. ರಕ್ತ ತುದಿಗೆ ನುಗ್ಗುತ್ತದೆ, ಸ್ವಲ್ಪ ಉರಿಯುತ್ತದೆ ಕೂಡ. ಕಂಕುಳಲ್ಲಿ ಕೈ ಇಟ್ಟುಕೊಳ್ಳಬಹುದು. ಮನೆಗೆ ಬಂದ ಕೂಡಲೇ ಹಂಡೆಯ ಸುಡುನೀರಿಗೆ ಮಾತ್ರ ಕೈ ಹಾಕಬೇಡಿ, ಜೋಮು ಹಿಡಿದ ಬೆರಳಿಗೆ ಸುಟ್ಟದ್ದು ಗೊತ್ತಾಗುವುದಿಲ್ಲ.

ಗ್ಲೌಸ್‌ಗೆ ಸಂಬಂಧಿಸದ ಒಂದು ಉಪಾಯ: ಬ್ರೇಕ್ ಲಿವರಿನ ಲೋಹವೂ ಬೆರಳಿನ ಬಿಸಿಯನ್ನು ಕದಿಯುತ್ತದೆ. ಹಳೆಯ ಸೈಕಲ್ ಟ್ಯೂಬಿನಿಂದ ಎರಡು ಬೆರಳಗಲದ ಬಳೆ ಕತ್ತರಿಸಿ, ಬೆರಳು ಕೂರುವ ಜಾಗಕ್ಕೆ ಬಿಗಿಯಾಗಿ ಏರಿಸಿ. ಏರದಿದ್ದರೆ ಉದ್ದಕ್ಕೆ ಸೀಳಿ ಸುತ್ತಿ, ಇನ್ಸುಲೇಷನ್ ಟೇಪ್ ಹಾಕಿ. ಲಿವರ್ ಪೂರ್ತಿ ಒತ್ತಿದಾಗ ಹಿಡಿಕೆಗೆ ತಾಗದೆ ಬ್ರೇಕ್ ಹಿಡಿಯುತ್ತದೆಯೇ ಎಂದು ಸೈಕಲ್ ತಳ್ಳಿ ನೋಡಿಕೊಂಡೇ ಹತ್ತಿ.

ತೊಳೆಯುವುದು, ಮಳೆಗಾಲಕ್ಕೆ ಎತ್ತಿಡುವುದು

ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಸೋಪು ಹಾಕಿ ಕೈಯಲ್ಲೇ ತೊಳೆಯಿರಿ. ಬಟ್ಟೆ ಮೃದುವಾಗಿಸುವ ಕಂಡೀಷನರ್ ಬೇಡ, ನೀರು ಜಾರಿಸುವ ಹೊರಮೈಯನ್ನೂ ಬೆವರು ಹೊರಬಿಡುವ ಪೊರೆಯನ್ನೂ ಅದು ಕೆಡಿಸುತ್ತದೆ. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ. ಬೆರಳುಗಳೊಳಗೆ ಪೇಪರ್ ತುರುಕಿ, ಗಾಳಿಯಾಡುವ ನೆರಳಲ್ಲಿ ಬೆರಳು ಮೇಲಾಗಿ ನಿಲ್ಲಿಸಿ, ಪೇಪರ್ ನೆನೆದರೆ ಬದಲಿಸಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಆಸೆ ನಮ್ಮ ಕಡೆ ಎಲ್ಲರಿಗೂ ಇದೆ. ಉಣ್ಣೆಗೆ ಪರವಾಗಿಲ್ಲ, ಪೊರೆ ಅಂಟಿಸಿದ ಗ್ಲೌಸ್ ಆದರೆ ಶಾಖಕ್ಕೆ ಅಂಟು ಬಿಡುತ್ತದೆ, ಅಂಗೈಯ ರಬ್ಬರ್ ಸಿಡಿಯುತ್ತದೆ.

ಕೊಡಗಿನಲ್ಲಿ ಗ್ಲೌಸ್ ಹಾಳಾಗುವುದು ಸವೆತದಿಂದಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿ ಹಿಡಿಯುವ ಬೂಷ್ಟಿನಿಂದ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಚಳಿ ಹಿಂದೆಗೆದ ಮೇಲೆ, ಮುಂಗಾರಿಗೆ ಮೊದಲೇ, ಏಪ್ರಿಲ್‌ನಲ್ಲಿ ಒಂದು ಸಲ ತೊಳೆದು ಎರಡು ದಿನ ಚೆನ್ನಾಗಿ ಒಣಗಿಸಿ. ಬೆವರಿನ ಉಪ್ಪು, ಎಣ್ಣೆಯಂಶ ಉಳಿದರೆ ಬೂಷ್ಟು ಮೊದಲು ಹಿಡಿಯುವುದು ಅಲ್ಲಿಗೇ. ಗಾಳಿಯಾಡದ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಔಷಧಿ ಬಾಟಲಿಗಳಲ್ಲೂ ಶೂ ಪೆಟ್ಟಿಗೆಗಳಲ್ಲೂ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಹಾಕಿಡಿ. ಆಗಸ್ಟಿನಲ್ಲಿ ಬಿಸಿಲು ಬಿದ್ದ ದಿನ ಸಿಕ್ಕಿದರೆ ಒಮ್ಮೆ ತೆಗೆದು ಒಳಮೈ ಹೊರಗೆ ಮಾಡಿ ನೋಡಿ. ವೆಲ್ಕ್ರೋ ಪಟ್ಟಿಯನ್ನು ಮುಚ್ಚಿಯೇ ಇಡಿ, ತೆರೆದಿಟ್ಟರೆ ಪಕ್ಕದ ಉಣ್ಣೆಯನ್ನೆಲ್ಲ ಕಿತ್ತುಕೊಂಡು ಕೂರುತ್ತದೆ.